ಗುಂಡಿ ತಿರುಗಿಸಿದರೆ ನೆಲ ಬದಲಾದೀತೆ?

ಬಾಗಲಕೋಟೆಯಿಂದ ಕಲಾದಗಿಯ ಕಡೆಗೆ ಹೊರಟ ದಾರಿಯಲ್ಲಿ, ಹನುಮಂತದೇವರ ಸನ್ನಿಧಿಯಿಂದ ಹೆಸರಾದ ತುಳಸಿಗೇರಿ ಎಂಬ ಊರಿದೆ. ಡಾಂಬರಿನ ಮೇಲೆಯೇ ಬಂದು, ದರ್ಶನ ಮುಗಿಸಿ, ಡಾಂಬರಿನ ಮೇಲೆಯೇ ಹಿಂದಿರುಗುವ ಯಾತ್ರಿಕನಿಗೆ ಈ ಸೀಮೆಯ ನೆಲದ ನಿಜವಾದ ಗುಣ ತಿಳಿಯುವಂತಿಲ್ಲ. ಅದು ತಿಳಿಯಬೇಕಾದರೆ ಹಿಂಗಾರಿ ಮಳೆ ಸುರಿದ ಮಾರನೆಯ ದಿನ ರಸ್ತೆಯನ್ನು ಬಿಟ್ಟು ಎರೆಹೊಲದ ದಾರಿಗೆ ಇಳಿಯಬೇಕು. ಹತ್ತು ಹೆಜ್ಜೆ ನಡೆಯುವಷ್ಟರಲ್ಲಿ ಕಾಲಿನ ಜೋಡು ಎರಡು ಸೇರು ಮಣ್ಣನ್ನು ಹೊತ್ತುಕೊಂಡಿರುತ್ತದೆ; ಇಪ್ಪತ್ತು ಹೆಜ್ಜೆಗೆ ಜೋಡು ನೆಲದಲ್ಲಿಯೇ ಉಳಿದು ಕಾಲು ಮಾತ್ರ ಮೇಲೆ ಬರುತ್ತದೆ. ಇಂತಹ ನೆಲಕ್ಕೆ ಈಗ ಎಂಜಿನ್ನೇ ಇಲ್ಲದ, ಸದ್ದಿಲ್ಲದೆ ಓಡುವ, ಎರಡು ಟನ್ನಿಗೂ ಮಿಗಿಲಾದ ತೂಕದ ವಿದ್ಯುತ್ ಗಾಡಿಗಳು ಬರತೊಡಗಿವೆ.

ಎಸ್.ಯು.ವಿ. ಎಂಬ ಮೂರಕ್ಷರದ ಹೆಸರು ಈಗ ಹಳ್ಳಿಯ ಹುಡುಗರ ಬಾಯಲ್ಲೂ ಇದೆ. ಅಂತಹ ಗಾಡಿಯಲ್ಲಿ, ಚಾಲಕನ ಎಡಗೈಗೆ ಎಟುಕುವಂತೆ, ರೇಡಿಯೋದ ಗುಂಡಿಯಂತಹ ಒಂದು ಗುಂಡಿ ಇರುವುದುಂಟು. ಅದನ್ನು ಒಂದು ಮನೆ ತಿರುಗಿಸಿದರೆ ಹುಲ್ಲು ಅಥವಾ ಹಿಮ, ಇನ್ನೊಂದು ಮನೆಗೆ ಕೆಸರು, ಮತ್ತೊಂದಕ್ಕೆ ಮರಳು, ಮಗುದೊಂದಕ್ಕೆ ಬಂಡೆ. 2025ರ ಜೂನ್ ತಿಂಗಳಿನಲ್ಲಿ ಟಾಟಾ ಕಂಪನಿಯವರು ಮಾರುಕಟ್ಟೆಗೆ ತಂದ ಹ್ಯಾರಿಯರ್ ವಿದ್ಯುತ್ ಗಾಡಿಯ ನಾಲ್ಕು ಚಕ್ರ ನಡೆಸುವ ಮಾದರಿಯಲ್ಲಿ ಹೀಗೆ ಆರು ಮನೆಗಳಿವೆ. ಮುಂದಿನ ಅಚ್ಚಿಗೊಂದು, ಹಿಂದಿನ ಅಚ್ಚಿಗೊಂದು, ಎರಡು ಬೇರೆಬೇರೆ ಮೋಟಾರುಗಳಿವೆ. ಅದರ ಪ್ರಚಾರಕ್ಕಾಗಿ ಕೇರಳದ ವಾಗಮಣ್ಣಿನಲ್ಲಿ ಆನೆಯ ಬೆನ್ನಿನಂತಿರುವ ಒಂದು ಬಂಡೆಯನ್ನು ಹತ್ತಿಸಿ ತೋರಿಸಿದ ಚಿತ್ರವನ್ನು ನೋಡದವರು ವಿರಳ. ನೋಡಿದವರು ಗಾಡಿಯನ್ನು ಕೊಂಡಾಡಿದರು. ಬಂಡೆಯನ್ನು ಯಾರೂ ಕೊಂಡಾಡಲಿಲ್ಲ. ಆದರೆ ಆ ಮೆಚ್ಚುಗೆಯಲ್ಲಿ ಅರ್ಧ ಪಾಲು ನ್ಯಾಯವಾಗಿ ಬಂಡೆಗೇ ಸಲ್ಲಬೇಕಾದುದು. ಒಣಗಿದ ಒರಟು ಕಲ್ಲಿನಷ್ಟು ಗಟ್ಟಿಯಾಗಿ ರಬ್ಬರನ್ನು ಹಿಡಿದುಕೊಳ್ಳುವ ನೆಲ ಬೇರೆ ಇಲ್ಲ.

ವಿಷಯದ ತಿರುಳು ಇಲ್ಲಿಯೇ ಇದೆ. ಗಾಡಿಯನ್ನು ಮುಂದಕ್ಕೆ ನೂಕುವುದು ಮೋಟಾರೇ ಆದರೂ, ಆ ನೂಕನ್ನು ತಾಳಿಕೊಳ್ಳಬೇಕಾದುದು ನೆಲ. ಟೈರು ನೆಲವನ್ನು ಹಿಡಿಯುವ ಶಕ್ತಿಯನ್ನು ಒಂದು ಅಂಕೆಯಿಂದ ಸೂಚಿಸುವ ಪದ್ಧತಿಯಿದೆ. ಒಣ ಕಲ್ಲಿನ ಮೇಲೆ ಅದು ಸುಮಾರು 0.8 ಇದ್ದರೆ, ಮಳೆ ಬಿದ್ದ ಜೇಡಿಯ ಮೇಲೆ 0.2ರ ಆಸುಪಾಸಿಗೆ ಇಳಿಯುತ್ತದೆ. ಈ 0.2 ಎಂಬುದರ ಅರ್ಥವನ್ನು ಲೆಕ್ಕ ಬಲ್ಲ ಹುಡುಗನೊಬ್ಬನು ಕೂಡಲೇ ಹೇಳಿಬಿಡುತ್ತಾನೆ: ಐದು ಅಡಿಗೆ ಒಂದಡಿ ಏರುವ ದಿಬ್ಬಕ್ಕಿಂತ ಕಡಿದಾದುದನ್ನು ನಾಲ್ಕೂ ಚಕ್ರಗಳಿಂದ ನಡೆಯುವ ಗಾಡಿಯೂ ಹತ್ತಲಾರದು. ಎರಡೇ ಚಕ್ರಗಳಿಗೆ ಬಲವಿರುವ ಗಾಡಿಯಾದರೆ ಹೆಚ್ಚುಕಡಿಮೆ ಹತ್ತು ಅಡಿಗೆ ಒಂದಡಿ. ಮೋಟಾರಿನ ಬಲ ನೂರು ಕುದುರೆಯದಿರಲಿ, ನಾನೂರರದಿರಲಿ, ಈ ಲೆಕ್ಕ ಕದಲುವುದಿಲ್ಲ. ಗುಂಡಿಯ ಯಾವ ಮನೆಯೂ 0.2ನ್ನು 0.3 ಮಾಡಲಾರದು. ನೆಲ ಕೊಟ್ಟದ್ದರಲ್ಲಿ ಒಂದು ಕಾಸೂ ಪೋಲಾಗದಂತೆ ಹಂಚಿಕೊಡುವುದಷ್ಟೇ ಅದರ ಕೆಲಸ.

ಹಂಚುವ ಬಗೆಯಾದರೂ ಎಂತಹುದು? ಮೋಟಾರಿನಿಂದ ಬಂದ ಬಲವನ್ನು ಎಡಬಲದ ಚಕ್ರಗಳಿಗೆ ತಲಪಿಸಲು ಡಿಫರೆನ್ಷಿಯಲ್ ಎಂಬ ಹಲ್ಲುಚಕ್ರಗಳ ಪೆಟ್ಟಿಗೆಯೊಂದಿರುತ್ತದೆ. ತಿರುವಿನಲ್ಲಿ ಹೊರಗಿನ ಚಕ್ರ ಹೆಚ್ಚು ದೂರ, ಒಳಗಿನದು ಕಡಿಮೆ ದೂರ ಸಾಗಬೇಕಷ್ಟೆ. ಅದಕ್ಕೆ ಅವಕಾಶ ಮಾಡಿಕೊಡಲು ಈ ಪೆಟ್ಟಿಗೆ. ಎತ್ತಿನ ಗಾಡಿಗೆ ಈ ತೊಡಕಿಲ್ಲ. ಅದರ ಗಾಲಿಗಳೆರಡೂ ಅಚ್ಚಿನ ಮೇಲೆ ತಮ್ಮ ತಮ್ಮ ಪಾಡಿಗೆ ಉರುಳುತ್ತವೆ. ಎಳೆಯುವ ಕೆಲಸ ಎತ್ತಿನ ಎಂಟು ಗೊರಸುಗಳದು. ಮೋಟಾರು ಗಾಡಿಯಲ್ಲಾದರೋ ಉರುಳುವ ಚಕ್ರವೇ ಎಳೆಯಲೂ ಬೇಕು. ಈ ಪೆಟ್ಟಿಗೆ ಎರಡೂ ಕಡೆಗೆ ಸಮನಾದ ಬಲವನ್ನೇ ಕೊಡುವುದರಿಂದ, ಒಂದು ಚಕ್ರ ಕೆಸರಿನಲ್ಲಿ ಸುಮ್ಮನೆ ಸುತ್ತತೊಡಗಿದರೆ, ಗಟ್ಟಿ ನೆಲದ ಮೇಲಿರುವ ಇನ್ನೊಂದಕ್ಕೂ ಆ ಸೋಮಾರಿ ಚಕ್ರಕ್ಕೆ ಸಿಕ್ಕಷ್ಟೇ ಬಲ ಸಿಗುತ್ತದೆ. ಕೂಡುಕುಟುಂಬದಲ್ಲಿ ದುಡಿಯುವವನಿಗೂ ದುಡಿಯದವನಿಗೂ ಒಂದೇ ತೂಕದ ರೊಟ್ಟಿ ಬಡಿಸಿದ ಹಾಗೆ! ಟ್ರಾಕ್ಷನ್ ಕಂಟ್ರೋಲ್ ಎಂಬ ಏರ್ಪಾಡು ಇಲ್ಲಿ ಒಂದು ಉಪಾಯ ಹೂಡುತ್ತದೆ. ಸುಮ್ಮನೆ ಸುತ್ತುವ ಚಕ್ರಕ್ಕೆ ಮಾತ್ರ ತಾನಾಗಿಯೇ ಬ್ರೇಕು ಹಾಕುತ್ತದೆ. ಆ ಚಕ್ರವನ್ನು ಸುತ್ತಿಸುವುದು ಮೋಟಾರಿಗೆ ಕಷ್ಟವಾಗುತ್ತಲೇ, ಎದುರಿನ ಚಕ್ರಕ್ಕೂ ಅಷ್ಟೇ ಬಲ ಹರಿದುಹೋಗಿ ಗಾಡಿ ಮೇಲೇಳುತ್ತದೆ. ಬಹಳ ಹೊತ್ತು ಹೀಗೆಯೇ ನಡೆಯಿತೆಂದರೆ ಬ್ರೇಕು ಕಾದು, ಯಂತ್ರವೇ ಆ ಉಪಾಯವನ್ನು ಕೈಬಿಡುವುದುಂಟು ಎಂಬುದನ್ನೂ ನೆನಪಿನಲ್ಲಿಡಬೇಕು.

ವಿದ್ಯುತ್ ಮೋಟಾರಿನ ಹೆಚ್ಚಳ ಇಲ್ಲಿ ಕಾಣುತ್ತದೆ. ಡೀಸೆಲ್ ಎಂಜಿನ್ನಿಗೆ ಬಲ ತಗ್ಗಿಸೆಂದು ಹೇಳಿದರೆ ಅದು ತಗ್ಗಿಸುವಷ್ಟರಲ್ಲಿ ಚಕ್ರ ಒಂದು ಸುತ್ತು ಸುತ್ತಿ ಹಳ್ಳ ತೋಡಿರುತ್ತದೆ. ವಿದ್ಯುತ್ ಮೋಟಾರು ಸೆಕೆಂಡಿನ ಸಣ್ಣ ಭಾಗದಲ್ಲಿ ಮಾತು ಕೇಳುತ್ತದೆ. ಅದರ ಪೂರ್ಣ ಬಲ ನಿಂತ ನಿಲುವಿನಿಂದಲೇ ದೊರೆಯುವುದರಿಂದ ಕ್ಲಚ್ಚನ್ನು ಸುಡುವ ಪ್ರಸಂಗವೂ ಇಲ್ಲ. ಇರುವೆಯ ನಡಿಗೆಯಲ್ಲಿ ಗಾಡಿಯನ್ನು ಕಲ್ಲಿನಿಂದ ಕಲ್ಲಿಗೆ ಹತ್ತಿಸಬಹುದು. ಬಾದಾಮಿಯ ಗುಡ್ಡಗಳ ಮಗ್ಗುಲಿನ ಮರಳುಗಲ್ಲಿನ ಹಾದಿಯಲ್ಲಾಗಲಿ, ಇಳಕಲ್ಲಿನ ಕಲ್ಲುಗಣಿಗಳಿಗೆ ಇಳಿಯುವ ದಾರಿಯಲ್ಲಾಗಲಿ, ಬಂಡೆಯ ಮನೆಗೆ ಗುಂಡಿಯನ್ನು ತಿರುಗಿಸಿದ ಚಾಲಕನಿಗೆ ಈ ನಾಜೂಕು ನಿಜವಾಗಿಯೂ ಒದಗಿಬರುತ್ತದೆ.

ಆದರೆ ಮನೆಗಳ ಹೆಸರನ್ನು ಓದಿ ನೆಲದ ಹೆಸರಿಗೆ ಹೊಂದಿಸಿದರೆ ಸಾಕೆಂದು ತಿಳಿದವನು ಎರೆಯಲ್ಲಿ ಸಿಕ್ಕಿಬೀಳುವುದು ಖಂಡಿತ. ಕೆಸರಿನ ಮನೆಯನ್ನೇ ತೆಗೆದುಕೊಳ್ಳಬಹುದು. ಅಲ್ಲಿ ಯಂತ್ರ ಚಕ್ರವನ್ನು ಸ್ವಲ್ಪ ಹೆಚ್ಚಾಗಿಯೇ ಸುತ್ತಗೊಡುತ್ತದೆ. ಕಾರಣವೇನೆಂದರೆ, ಸುತ್ತುವ ಚಕ್ರ ತನ್ನ ಕಚ್ಚುಗಳಲ್ಲಿ ತುಂಬಿದ ಕೆಸರನ್ನು ಹೊರಕ್ಕೆ ಎರಚಿ, ಮೇಲಿನ ತೆಳುವಾದ ರಾಡಿಯನ್ನು ಸರಿಸಿ, ಕೆಳಗಿನ ಗಟ್ಟಿ ನೆಲವನ್ನು ಮುಟ್ಟಲಿ ಎಂದು. ಗರಸು ಮಣ್ಣಿನ ಮೇಲೆ ನಾಲ್ಕು ಬೆರಳು ರಾಡಿ ನಿಂತಿರುವಲ್ಲಿ ಇದು ಚೆನ್ನಾಗಿ ನಡೆಯುತ್ತದೆ. ಎರೆಯಲ್ಲಿ ಆ ಗಟ್ಟಿ ನೆಲ ಎಲ್ಲಿದೆ? ನೀರು ಕುಡಿದು ಉಬ್ಬುವ, ಬೇಸಗೆಯಲ್ಲಿ ಕೈ ತೂರುವಷ್ಟು ಬಿರಿಯುವ ಈ ಜೇಡಿ ಎಷ್ಟೋ ಕಡೆ ಆಳುದ್ದ ಇಳಿದಿರುತ್ತದೆ. ಅಲ್ಲಿ ಸುತ್ತಿದ ಚಕ್ರ ಬಾವಿ ತೋಡುತ್ತದೆಯೇ ಹೊರತು ತಳ ಕಾಣುವುದಿಲ್ಲ. ಮೇಲಾಗಿ ಎರೆ ಎರಚಿಹೋಗುವ ಮಣ್ಣಲ್ಲ, ಅಂಟುವ ಮಣ್ಣು. ಟೈರಿನ ಕಚ್ಚುಗಳೆಲ್ಲ ಮೆತ್ತಿಕೊಂಡು, ಹೊಸ ಟೈರೂ ಹತ್ತು ವರ್ಷ ಸವೆದ ಟೈರಿನಂತೆ ನುಣ್ಣಗಾಗುತ್ತದೆ. ಊರಿನೊಳಗೆ ಓಡಾಡಲೆಂದು ಮಾಡಿದ, ಕಡಿಮೆ ವಿದ್ಯುತ್ತಿನಲ್ಲಿ ದೂರ ಸಾಗಲೆಂದು ಆಳವಿಲ್ಲದ ಕಚ್ಚು ಕೊರೆದ ಟೈರುಗಳೇ ಇಂತಹ ಗಾಡಿಗಳಿಗೆ ಸಾಮಾನ್ಯವಾಗಿ ಬರುತ್ತವೆಂಬುದನ್ನು ಮಾರುವವರು ಹೇಳುವುದು ಅಪರೂಪ.

ತೂಕದ ಮಾತನ್ನೂ ಮರೆಯುವಂತಿಲ್ಲ. ಬ್ಯಾಟರಿಯೊಂದೇ ನಾಲ್ಕೈದು ಕ್ವಿಂಟಾಲ್ ತೂಗುತ್ತದೆ. ಆ ಭಾರ ಗಾಡಿಯ ಹೊಟ್ಟೆಯಡಿಯಲ್ಲಿಯೇ ಇರುವುದರಿಂದ ಪಕ್ಕಕ್ಕೆ ಮಗುಚುವ ಭಯ ಕಡಿಮೆ. ಆದರೆ ಹೂತ ಗಾಡಿಯ ಹೊಟ್ಟೆ ಎರೆಯ ಮೇಲೆ ಕುಳಿತಿತೆಂದರೆ ನಾಲ್ಕು ಚಕ್ರಗಳೂ ಗಾಳಿಯಲ್ಲಿ ಸುತ್ತಿದಂತೆಯೇ ಸರಿ. ಆಗ ವೇಗವರ್ಧಕವನ್ನು ಇನ್ನಷ್ಟು ಒತ್ತುವುದು ಎಲ್ಲರಿಗೂ ತೋಚುವ ಮೊದಲ ಬುದ್ಧಿ, ಮತ್ತು ಎಲ್ಲಕ್ಕಿಂತ ಕೆಟ್ಟ ಬುದ್ಧಿ. ಚಕ್ರ ಸುತ್ತಿಯೂ ಗಾಡಿ ಒಂದು ಗೇಣು ಸರಿಯದಿದ್ದರೆ ಅಲ್ಲಿಯೇ ಕಾಲೆತ್ತಬೇಕು. ಬಂದ ಗಾಲಿಜಾಡಿನಲ್ಲಿಯೇ ಮೆಲ್ಲಗೆ ಹಿಂದಕ್ಕೆ ಬರಲು ನೋಡಬೇಕು. ಆ ಜಾಡು ಆಗಲೇ ಒತ್ತಿ ಗಟ್ಟಿಯಾಗಿರುತ್ತದೆ. ಅದೂ ಆಗದಿದ್ದರೆ ಚಕ್ರದ ಮುಂದಿನ ಮಣ್ಣು ಬಿಡಿಸಿ, ಕಲ್ಲು, ಗರಸು, ಜೋಳದ ಕಣಿಕೆ, ಏನು ಸಿಕ್ಕಿದರೆ ಅದನ್ನು ತುರುಕುವುದು ಹಳೆಯ ಮದ್ದು; ಇಂದಿಗೂ ಅದಕ್ಕಿಂತ ಒಳ್ಳೆಯ ಮದ್ದು ಬಂದಿಲ್ಲ. ಜಾಲಿಯ ಟೊಂಗೆಯನ್ನು ಹಾಕಬಹುದಾದರೂ ಅದರ ಮುಳ್ಳು ಟೈರಿನೊಡನೆ ಬೇರೆಯೇ ವ್ಯವಹಾರ ಹೂಡೀತು. ಎಳೆಯಲು ಟ್ರಾಕ್ಟರು ಬಂದಾಗ, ಕೈಪಿಡಿಯಲ್ಲಿ ತೋರಿಸಿದ ಕೊಕ್ಕೆಗೇ ಹಗ್ಗ ಕಟ್ಟಬೇಕು. ಕೆಳಗೆ ಕೈಗೆ ಸಿಕ್ಕ ಕಬ್ಬಿಣಕ್ಕೆ ಕಟ್ಟಿದರೆ ಅದು ಬ್ಯಾಟರಿಯ ಕವಚಕ್ಕೆ ಅಂಟಿದ್ದೂ ಆಗಿರಬಹುದು.

ಮರಳಿನ ಮನೆಯ ಕಥೆ ಚಿಕ್ಕದು. ಬೇಸಗೆಯಲ್ಲಿ ಬತ್ತಿದ ಹೊಳೆಯ ಪಾತ್ರದಲ್ಲಿ ಇದು ಬೇಕಾದೀತು. ಮರಳಿನಲ್ಲಿ ನಿಂತವನು ಕೆಟ್ಟ. ಆದುದರಿಂದ ಯಂತ್ರ ಚಕ್ರಗಳನ್ನು ಧಾರಾಳವಾಗಿ ಸುತ್ತಲು ಬಿಟ್ಟು ಓಟವನ್ನು ಕಾಯ್ದುಕೊಳ್ಳುತ್ತದೆ. ಅದಕ್ಕಿಂತ ಹೆಚ್ಚಿನ ಉಪಕಾರ ಮಾಡುವುದು ಟೈರಿನ ಗಾಳಿಯನ್ನು ಇಳಿಸುವುದು. ಗಾಳಿ ಇಳಿದ ಟೈರು ಒಂಟೆಯ ಪಾದದಂತೆ ಅಗಲವಾಗಿ ಊರುತ್ತದೆ. ರಸ್ತೆಗೆ ಮರಳುವ ಮುನ್ನ ಮತ್ತೆ ತುಂಬಿಸಲು ಮರೆತವನು ಮಾತ್ರ ಟೈರನ್ನೂ ಪ್ರಾಣವನ್ನೂ ಒಟ್ಟಿಗೆ ಪಣಕ್ಕಿಟ್ಟ ಹಾಗೆ.

ಏರುವಾಗ ಸೋತರೆ ನಷ್ಟವಾಗುವುದು ಒಂದು ಮಧ್ಯಾಹ್ನ. ಇಳಿಯುವಾಗ ಸೋತರೆ ಏನು ಹೋಗುತ್ತದೆಂದು ಹೇಳಲು ಬಾರದು. ಹೊಲದ ದಾರಿ ಹಳ್ಳಕ್ಕೆ ಇಳಿಯುವ ಜಾಗಗಳನ್ನು ಈ ಸೀಮೆಯವರು ಬಲ್ಲರು. ದಂಡೆಯಿಂದ ಒಮ್ಮೆಲೆ ಕೆಳಕ್ಕೆ ಬಿದ್ದು, ತಳದಲ್ಲಿ ನೀರು ದಾಟಿ, ಎದುರು ದಂಡೆಯನ್ನು ಏರುವ ದಾರಿ. ಎತ್ತಿನ ಗಾಡಿಯವನು ಇಲ್ಲಿ ಕೆಳಗಿಳಿದು, ಗಾಲಿಗೆ ಮರದ ತಡೆಯನ್ನು ಒತ್ತಿಸಿ, ಕುಳಿತವರನ್ನು ಹಿಂದಕ್ಕೆ ಸರಿಸುತ್ತಿದ್ದನು. ಇಳಿಜಾರಿನಲ್ಲಿ ಭಾರವೆಲ್ಲ ಮುಂದಕ್ಕೆ ಬಂದು ಎತ್ತಿನ ಹೆಗಲಿಗೆ ಬೀಳುತ್ತದೆಂಬುದನ್ನು ಅವನಿಗೆ ಯಾವ ಶಾಲೆಯೂ ಕಲಿಸಬೇಕಾಗಿರಲಿಲ್ಲ. ಮೋಟಾರು ಬಂದ ಮೇಲೆ ಹಳೆಯ ಚಾಲಕರು, ಯಾವ ಗೇರಿನಲ್ಲಿ ಹತ್ತಬೇಕೋ ಅದೇ ಗೇರಿನಲ್ಲಿ ಇಳಿಯಬೇಕೆಂದು ಹೊಸಬರ ಕಿವಿ ಹಿಂಡಿ ಹೇಳುತ್ತಿದ್ದರು. ಮೊದಲ ಗೇರಿನಲ್ಲಿ ಎಂಜಿನ್ನೇ ತಡೆಯಾಗುತ್ತಿತ್ತು. ವಿದ್ಯುತ್ ಗಾಡಿಯಲ್ಲಿ ಸಾಮಾನ್ಯವಾಗಿ ಬದಲಾಯಿಸುವ ಗೇರೇ ಇಲ್ಲ. ಹಾಗಾದರೆ ಇಳಿಜಾರಿನಲ್ಲಿ ಅದನ್ನು ಹಿಡಿದು ನಿಲ್ಲಿಸುವವರು ಯಾರು?

ಈ ಪ್ರಶ್ನೆ ವಿದ್ಯುತ್ ಗಾಡಿಗಿಂತ ಹಳೆಯದು. ಚಕ್ರ ಬಿಗಿದು ನಿಲ್ಲದಂತೆ ಬ್ರೇಕನ್ನು ಬಿಟ್ಟು ಬಿಟ್ಟು ಹಿಡಿಯುವ ಎ.ಬಿ.ಎಸ್. ಎಂಬ ಸಾಧನವನ್ನು ಜರ್ಮನಿಯ ಬಾಷ್ ಕಂಪನಿ 1978ರಲ್ಲಿ ಮರ್ಸಿಡಿಸ್ ಕಾರಿನಲ್ಲಿ ಹೊರತಂದಿತು. ಕನ್ನಡಿಗರಿಗೆ ಈ ಮನೆತನ ಅಪರಿಚಿತವಲ್ಲ. 1951ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿ ಮನೆಮಾತಾದ ಮೈಕೋ ಇದರದೇ ಕೂಸು. ಇಂಗ್ಲೆಂಡಿನ ಲ್ಯಾಂಡ್ ರೋವರ್ ಕಂಪನಿಯವರು 1997ರಲ್ಲಿ ಫ್ರೀಲ್ಯಾಂಡರ್ ಎಂಬ ಗಾಡಿಯನ್ನು ಮಾಡಿದಾಗ, ಗುಡ್ಡ ಇಳಿಯಲು ಬೇಕಾದ ಕೆಳಗೇರುಗಳ ಪೆಟ್ಟಿಗೆಯನ್ನು ಅದರಲ್ಲಿ ಇಡಲಿಲ್ಲ. ಆ ಕೊರತೆಯನ್ನು ತುಂಬಲು ಎ.ಬಿ.ಎಸ್. ಯಂತ್ರಕ್ಕೇ ಇನ್ನೊಂದು ಕೆಲಸ ಹೇಳಿದರು: ಚಾಲಕನು ಬ್ರೇಕನ್ನು ಮುಟ್ಟದಿದ್ದರೂ, ನಾಲ್ಕು ಚಕ್ರಗಳನ್ನೂ ಬೇರೆಬೇರೆಯಾಗಿ ತಡೆಯುತ್ತ, ನಡಿಗೆಯ ವೇಗದಲ್ಲಿ ಗಾಡಿಯನ್ನು ಇಳಿಸುವುದು. ಹಿಲ್ ಡಿಸೆಂಟ್ ಕಂಟ್ರೋಲ್ ಹುಟ್ಟಿದ್ದು ಹೀಗೆ. ವಿಜಾಪುರದಿಂದ ಬೇರೆಯಾಗಿ ಬಾಗಲಕೋಟೆ ಜಿಲ್ಲೆ ಹುಟ್ಟಿದ್ದೂ ಅದೇ 1997ರಲ್ಲಿ. ಇಬ್ಬರೂ ಒಂದೇ ವಯಸ್ಸಿನವರು.

ಇದನ್ನು ಬಳಸುವ ಕ್ರಮ ಸರಳ. ಇಳಿಜಾರಿನ ನೆತ್ತಿಯ ಮೇಲೆ ಗಾಡಿಯನ್ನು ಪೂರ್ತಿ ನಿಲ್ಲಿಸಬೇಕು. ಗಾಡಿಯ ಮೂತಿಯನ್ನು ಇಳಿಜಾರಿಗೆ ನೆಟ್ಟಗೆ ತಿರುಗಿಸಬೇಕು. ಓರೆಯಾಗಿ ಇಳಿದರೆ ಹಿಂಭಾಗ ಪಕ್ಕಕ್ಕೆ ಜಾರುತ್ತದೆ. ಸಾಧನವನ್ನು ಒತ್ತಿ, ವೇಗವನ್ನು ಸಾಧ್ಯವಾದಷ್ಟು ಕಡಿಮೆಗೆ ಗೊತ್ತುಮಾಡಿ, ಅದು ಸಿದ್ಧವಾಯಿತೆಂಬ ದೀಪ ಹೊತ್ತಿದುದನ್ನು ಕಣ್ಣಾರೆ ನೋಡಿದ ಮೇಲೆಯೇ ಕಾಲನ್ನು ತೆಗೆಯಬೇಕು. ಆ ಬಳಿಕ ಬರುವ ಕಟಕಟ ಸದ್ದು, ಕಾಲಡಿಯ ನಡುಕ, ಗಾಡಿ ಕೆಟ್ಟುದರ ಗುರುತಲ್ಲ. ಬ್ರೇಕು ಬಿಟ್ಟು ಬಿಟ್ಟು ಹಿಡಿಯುತ್ತಿರುವುದರ ಗುರುತು. ಇಷ್ಟಾದ ಮೇಲೆ ಚಾಲಕನ ಪಾಲಿಗೆ ಉಳಿಯುವುದು ಚುಕ್ಕಾಣಿಯೊಂದೇ. ಅದನ್ನು ಸರಿಯಾಗಿ ಹಿಡಿಯಲೆಂದೇ ಉಳಿದುದನ್ನೆಲ್ಲ ಯಂತ್ರ ವಹಿಸಿಕೊಂಡಿರುವುದು.

ವಿದ್ಯುತ್ ಗಾಡಿಗೆ ಈ ಬ್ರೇಕಲ್ಲದೆ ಇನ್ನೊಂದು ತಡೆ ಇದೆ. ಇಳಿಯುವಾಗ ಚಕ್ರವೇ ಮೋಟಾರನ್ನು ತಿರುಗಿಸಿ, ಮೋಟಾರು ಡೈನಮೋ ಆಗಿ, ವಿದ್ಯುತ್ತನ್ನು ಬ್ಯಾಟರಿಗೆ ಮರಳಿಸುತ್ತದೆ. 2001ರಲ್ಲಿ ಬೆಂಗಳೂರಿನ ಬೀದಿಗಿಳಿದ ರೇವಾ ಎಂಬ ಪುಟ್ಟ ಕಾರಿನಲ್ಲಿಯೂ ಈ ಏರ್ಪಾಡಿತ್ತು. ಲೆಕ್ಕ ಹಾಕಿದರೆ ಇದರ ಮಹಿಮೆ ಗೊತ್ತಾದೀತು. 2,300 ಕಿಲೋಗ್ರಾಂ ತೂಕದ ಗಾಡಿಯೊಂದು ಆಗುಂಬೆಯಂತಹ ಘಟ್ಟದಲ್ಲಿ 500 ಮೀಟರು ಕೆಳಗಿಳಿದರೆ ಸುಮಾರು ಮೂರು ಯೂನಿಟ್ಟು ಶಕ್ತಿ ಬಿಡುಗಡೆಯಾಗುತ್ತದೆ. ಹಳೆಯ ಗಾಡಿಯಲ್ಲಿ ಬ್ರೇಕನ್ನೇ ನೆಚ್ಚಿದರೆ ಅದೆಲ್ಲ ಶಾಖವಾಗಬೇಕು. ಎರಡು ಕೊಡ ತಣ್ಣೀರನ್ನು ಕುದಿಸಲು ಅಷ್ಟು ಶಾಖ ಸಾಕು. ಘಟ್ಟದ ಕೆಳಗೆ ಬ್ರೇಕು ಸುಟ್ಟ ವಾಸನೆ ಬರುವುದೇಕೆಂಬುದು ಇದರಿಂದ ತಿಳಿಯುತ್ತದೆ. ವಿದ್ಯುತ್ ಗಾಡಿಯಾದರೆ ಅದರಲ್ಲಿ ಹೆಚ್ಚಿನ ಪಾಲನ್ನು ಮರಳಿ ಹೊಟ್ಟೆಗೆ ಹಾಕಿಕೊಂಡು ತಣ್ಣಗೆ ಇಳಿಯಬಲ್ಲದು.

ಆದರೆ ತುಂಬಿದ ಕೊಡಕ್ಕೆ ನೀರು ಸುರಿದರೆ ಅದು ಒಳಗೆ ಹೋಗುವುದೆಂತು? ಘಟ್ಟದ ಮೇಲೆ ರಾತ್ರಿ ತಂಗಿ, ಬೆಳಗಾಗುವವರೆಗೆ ಬ್ಯಾಟರಿಯನ್ನು ನೂರಕ್ಕೆ ನೂರು ತುಂಬಿಸಿ, ಹೆಮ್ಮೆಯಿಂದ ಇಳಿಯಲು ಹೊರಟವನಿಗೆ ಈ ತಡೆ ಮೊದಲ ತಿರುವಿನಲ್ಲಿಯೇ ಕೈಕೊಡಬಹುದು. ನಿನ್ನೆ ಕಾಲೆತ್ತಿದೊಡನೆ ನಿಧಾನವಾಗುತ್ತಿದ್ದ ಗಾಡಿ ಇಂದು ಕಾಲೆತ್ತಿದರೂ ಓಡುತ್ತಲೇ ಇರುತ್ತದೆ. ಬ್ರೇಕು ಇದ್ದೇ ಇದೆ, ನಿಜ. ಆದರೆ ಅಭ್ಯಾಸಕ್ಕೆ ಬಿದ್ದ ಕಾಲು ಅದನ್ನು ಹುಡುಕಲು ತೆಗೆದುಕೊಳ್ಳುವ ಒಂದು ಕ್ಷಣವಿದೆಯಲ್ಲ, ಅದು ಸಣ್ಣದಲ್ಲ. ಕೆಳಗಿಳಿಯುವವನು ಬ್ಯಾಟರಿಯಲ್ಲಿ ಹತ್ತು ಹದಿನೈದು ಪಾಲು ಜಾಗ ಬಿಟ್ಟುಕೊಂಡು ಹೊರಡುವುದೇ ಜಾಣತನ.

ಎರೆಯ ದಂಡೆಯಲ್ಲಿ ಅಪಾಯ ಬೇರೆ ಬಗೆಯದು. ಅಲ್ಲಿ ಇಳಿಯುವುದು ಹತ್ತು ಹದಿನೈದು ಅಡಿ. ಮರಳಿ ಬರುವ ವಿದ್ಯುತ್ತು ಲೆಕ್ಕಕ್ಕಿಲ್ಲ. ಹಿಂದಿನ ಚಕ್ರಗಳಿಗೆ ಮಾತ್ರ ಮೋಟಾರಿರುವ ಗಾಡಿಗಳೂ ಈಗ ಉಂಟು. ಡೈನಮೋ ತಡೆಯೂ ಆ ಹಿಂದಿನ ಚಕ್ರಗಳ ಮೇಲೆಯೇ ಬೀಳಬೇಕು. ಇಳಿಜಾರಿನಲ್ಲಿ ಭಾರ ಮುಂದಕ್ಕೆ ಸರಿದು, ಗಾಡಿಯವನು ಜನರನ್ನು ಹಿಂದಕ್ಕೆ ಕೂರಿಸಿದ್ದು ಯಾವ ಕಾರಣಕ್ಕೋ ಅದೇ ಕಾರಣಕ್ಕೆ, ಆ ಚಕ್ರಗಳು ಹಗುರವಾಗಿರುತ್ತವೆ. ಹಗುರವಾದ ಚಕ್ರವನ್ನು, ಜಾರುವ ನೆಲದಲ್ಲಿ, ಬಲವಾಗಿ ತಡೆದರೆ ಅದು ಜಾರುತ್ತದೆ; ಹಿಂಭಾಗ ಮುಂಭಾಗಕ್ಕಿಂತ ಮೊದಲು ಹಳ್ಳ ಸೇರಲು ನೋಡುತ್ತದೆ. ಒಳ್ಳೆಯ ಗಾಡಿಗಳು ಜಾರುವುದನ್ನು ಅರಿತು ಈ ತಡೆಯನ್ನು ತಾವೇ ಸಡಿಲಿಸುತ್ತವೆ. ಅಷ್ಟನ್ನೇ ನೆಚ್ಚದೆ, ಒದ್ದೆ ಇಳಿಜಾರಿಗೆ ಮುನ್ನ ಡೈನಮೋ ತಡೆಯನ್ನು ಕನಿಷ್ಠ ಮಟ್ಟಕ್ಕೆ ಇಳಿಸಿ, ನಾಲ್ಕೂ ಚಕ್ರಗಳನ್ನು ತಡೆಯುವ ಡಿಸೆಂಟ್ ಕಂಟ್ರೋಲಿಗೆ ಕೆಲಸ ಒಪ್ಪಿಸುವುದು ಮೇಲು.

ಇಷ್ಟರ ಮೇಲೂ ಮೊದಲಿನ 0.2 ಬೆನ್ನು ಬಿಡುವುದಿಲ್ಲ. ಐದಕ್ಕೆ ಒಂದಕ್ಕಿಂತ ಕಡಿದಾದ ಒದ್ದೆ ಎರೆಯ ದಂಡೆಯಲ್ಲಿ, ನಾಲ್ಕು ಚಕ್ರಗಳನ್ನೂ ಎಷ್ಟೇ ನಯವಾಗಿ ತಡೆದರೂ, ಗಾಡಿ ಜಾರುವ ಬಂಡಿಯೇ ಆಗುತ್ತದೆ. ಜಾರತೊಡಗಿದ ಮೇಲೆ ಮಾಡಬಹುದಾದುದು ಬಹಳ ಸ್ವಲ್ಪ: ಚುಕ್ಕಾಣಿಯನ್ನು ಇಳಿಜಾರಿಗೆ ನೇರವಾಗಿ ಹಿಡಿಯುವುದು, ಗಾಬರಿಯಿಂದ ತಿರುಗಿಸದಿರುವುದು. ಕೆಳಗೆ ಹಳ್ಳ ಹರಿಯುತ್ತಿದ್ದರಂತೂ ಮಾತೇ ಬೇರೆ. ರಭಸದಿಂದ ಹರಿಯುವ ಎರಡಡಿ ನೀರು ದೊಡ್ಡ ಗಾಡಿಯನ್ನೂ ತೇಲಿಸಿಕೊಂಡು ಹೋಗಬಲ್ಲದು. ತೇಲಿದ ಚಕ್ರಕ್ಕೆ ಯಾವ ಗುಂಡಿಯ ಯಾವ ಮನೆಯೂ ಇಲ್ಲ.

ಆದುದರಿಂದ ತೀರ್ಮಾನದ ಜಾಗ ದಂಡೆಯ ನೆತ್ತಿಯೇ ಹೊರತು ನಡುವಲ್ಲ. ಅಲ್ಲಿ ಗಾಡಿ ನಿಲ್ಲಿಸಿ, ಬಾಗಿಲು ತೆರೆದು, ಇಳಿದು, ಕಾಲಿನಿಂದಲೇ ಆ ಇಳಿಜಾರನ್ನು ನಡೆದು ನೋಡುವುದಕ್ಕೆ ಐದು ನಿಮಿಷ ಸಾಕು. ಜೋಡಿನ ಹಿಮ್ಮಡಿ ಊರಿದಲ್ಲಿ ನಿಂತರೆ ಒಂದು ಮಾತು, ಜಾರಿದರೆ ಇನ್ನೊಂದು. ಮಣ್ಣನ್ನು ಬೆರಳಲ್ಲಿ ಹಿಸುಕಿದಾಗ ಪುಡಿಯಾದರೆ ಒಂದು. ಸಾಬೂನಿನಂತೆ ನುಣುಚಿದರೆ ಇನ್ನೊಂದು. ಹೊಲದ ಬದುವಿನ ಮೇಲೆ ನಿಂತ ರೈತನೊಬ್ಬನು ಕಂಡರೆ ಅವನನ್ನು ಕೇಳುವುದು ಎಲ್ಲಕ್ಕಿಂತ ಉತ್ತಮ. ಮಳೆಯಾದ ಮೇಲೆ ಎರೆಯ ಮೈ ಆರಿ ಗಾಡಿ ಹೂಡಲು ಎಷ್ಟು ದಿನ ಬೇಕೆಂಬುದು ಅವನಿಗೆ ಗೊತ್ತಿರುತ್ತದೆ. ಅಷ್ಟು ದಿನ ಅವನ ಎತ್ತುಗಳು ಕೊಟ್ಟಿಗೆಯಲ್ಲಿಯೇ ಮೇವು ಮೆಲ್ಲುತ್ತಿರುತ್ತವೆ. ಮೂವತ್ತು ಲಕ್ಷದ ಗಾಡಿಯವನು ಆ ದಿನ ಡಾಂಬರಿನ ಅಂಚಿನಲ್ಲಿಯೇ ಅದನ್ನು ನಿಲ್ಲಿಸಿ, ಜೋಡುಗಳನ್ನು ಕೈಯಲ್ಲಿ ಹಿಡಿದು, ಹೊಲಕ್ಕೆ ನಡೆದೇ ಹೋಗಬಹುದು.